ಭಾನುವಾರದ ಮಾತುಕತೆ: ಹಡಗಿನಿಂದ ಕಂಪನಿಗೆ, ಅಲ್ಲಿಂದ ಕಾಲೇಜಿಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಮಡಿಕೇರಿಯಲ್ಲಿ, ನಾವು ಯಾವಾಗಲೂ ಸೇರುವ ಜಾಗದಲ್ಲೇ, ನಮ್ಮ ಜಿಲ್ಲೆಯವರೇ ಆದ ನಿವೃತ್ತ ನೌಕಾಪಡೆ ಅಧಿಕಾರಿಯೊಬ್ಬರು ಮಾತಾಡುತ್ತಾರೆ. ಹಡಗಿನಲ್ಲಿ ಇಂಜಿನಿಯರ್ ಆಗಿದ್ದವರು, ಆಮೇಲೆ ಕಂಪನಿಯಲ್ಲಿ ಸಿಸ್ಟಮ್ಸ್ ಇಂಜಿನಿಯರ್, ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ.

ಸಿಸ್ಟಮ್ಸ್ ಅಂದ್ರೆ ಬರೀ ಕಂಪ್ಯೂಟರ್ ಅಲ್ಲ. ಯುದ್ಧನೌಕೆಗೆ ಹೊಸ ರೇಡಾರ್ ಕೂರಿಸಬೇಕು ಅಂತಿಟ್ಟುಕೊಳ್ಳಿ: ಕರೆಂಟ್ ಜಾಸ್ತಿ ಬೇಕು, ಬಿಸಿಯಾಗುವುದನ್ನು ತಣ್ಣಗಿಡುವ ವ್ಯವಸ್ಥೆ ಬೇಕು, ಭಾರ ಎತ್ತರದಲ್ಲಿ ಸೇರಿದ್ದಕ್ಕೆ ಹಡಗು ವಾಲುವ ರೀತಿಯೇ ಬದಲಾಗುತ್ತದೆ. ಇದನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕುವುದೇ ಇವರ ಕೆಲಸ. ವಿಮಾನ, ಮೆಟ್ರೋ ರೈಲು ತಯಾರಿಸುವ ಕಡೆಯೂ ಇಂಥವರು ಬೇಕೇ ಬೇಕು.

ಕೊಡಗಿನಲ್ಲಿ ಸೇನೆ ಅಂದ ತಕ್ಷಣ ಕಾರ್ಯಪ್ಪ, ತಿಮ್ಮಯ್ಯ ನೆನಪಾಗುತ್ತಾರೆ, ಅಲ್ವಾ? ನೌಕಾಪಡೆ ಬಗ್ಗೆ ಮಕ್ಕಳಿಗೆ ಅಷ್ಟಾಗಿ ಯಾರೂ ಹೇಳುವುದಿಲ್ಲ, ಅದು ನನಗೆ ಬೇಜಾರು. ಪಿಯು ಮುಗಿಸಿದವರು ಜೆಇಇ ಮೇನ್ (ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ) ರ‍್ಯಾಂಕ್, ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳನ್ನು ಆರಿಸುವ ಮಂಡಳಿ) ಸಂದರ್ಶನದ ಮೂಲಕ ಕೇರಳದ ಏಳಿಮಲದ ನೌಕಾ ಅಕಾಡೆಮಿಯಲ್ಲಿ 4 ವರ್ಷದ ಬಿ.ಟೆಕ್ ಓದಬಹುದು, ಖರ್ಚು ನೌಕಾಪಡೆಯದ್ದೇ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ ಶೇ. 70 ಅಂಕ ಬೇಕು. ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬನ್ನಿ.

ಮಳೆ ಬಂದರೂ ಕಾರ್ಯಕ್ರಮ ಇದೆ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ, ಕಾಫಿ ತಿಂಡಿಗೆ ಲೆಕ್ಕ ಸಿಗಲಿ.