ಪೋಪ್ ಯಾಕೆ ಕಿರೀಟ ಇಟ್ಟ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಪುಟ್ಟೀ,

ಭಾನುವಾರ ಫೋನಿನಲ್ಲಿ ಆದದ್ದನ್ನು ಮತ್ತೆ ಕೆದಕುವುದಿಲ್ಲ. ಓದು ಮುಗಿದ ಮೇಲೂ ಜರ್ಮನಿಯ ಆಖನ್‌ನಲ್ಲೇ ಕೆಲಸಕ್ಕೆ ನಿಲ್ಲುತ್ತೇನೆ ಅಂದೆ, ನಾನು ಏನೇನೋ ಆಡಿದೆ. ಆ ಗಲಾಟೆಯಲ್ಲಿ ನಿನ್ನ ಪ್ರಶ್ನೆಯೊಂದು ಹಾಗೇ ಉಳಿದುಹೋಯಿತು. ಅಲ್ಲಿನ ದೊಡ್ಡ ಚರ್ಚಿನ ಮಹಡಿಯಲ್ಲಿ ಫ್ರಾನ್ಸ್, ಜರ್ಮನಿಯ ಕಡೆ ಆಳಿದ ಫ್ರಾಂಕರ ದೊರೆ ಶಾರ್ಲಮೇನ್‌ನ ಸಿಂಹಾಸನ ನೋಡಿ ಬಂದು, "ಅಷ್ಟು ರಾಜ್ಯ ಗೆದ್ದವನಿಗೆ ಪೋಪ್ ಬಂದು ಯಾಕಮ್ಮ ಕಿರೀಟ ಇಡಬೇಕಿತ್ತು?" ಅಂತ ಕೇಳಿದ್ದೆ. ಇಷ್ಟು ವರ್ಷ ಊರ ಮಕ್ಕಳಿಗೆಲ್ಲ ಇತಿಹಾಸ ಹೇಳಿಕೊಟ್ಟವಳು, ಸ್ವಂತ ಮಗಳು ಕೇಳಿದಾಗ ಸುಮ್ಮನಿರಲಾರೆ.

ಮೊದಲು ಪೋಪ್‌ನ ಪಾಡು ಕೇಳು. ಮೂರನೇ ಲಿಯೋ ದೊಡ್ಡ ಮನೆತನದವನಲ್ಲ. ಅವನ ಹಿಂದಿನ ಪೋಪ್ ಹೇಡ್ರಿಯನ್‌ನ ಕಡೆಯವರಿಗೆ ಅವನನ್ನು ಕಂಡರಾಗುತ್ತಿರಲಿಲ್ಲ. 799ರ ಏಪ್ರಿಲ್ 25ರಂದು ರೋಮ್‌ನ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದವನ ಮೇಲೆ ಬಿದ್ದು, ಕಣ್ಣು ಕೀಳಲು, ನಾಲಿಗೆ ಕತ್ತರಿಸಲು ನೋಡಿದರು. ಮುಂದೆ ನಿಂತವರು ಅವನದೇ ಆಸ್ಥಾನದ ಅಧಿಕಾರಿಗಳು. ಹೇಗೋ ಜೀವ ಉಳಿಯಿತು, ಕಣ್ಣೂ ಉಳಿಯಿತು. ಕೂಡಿಹಾಕಿದ್ದ ಮಠದಿಂದ ರಾತ್ರಿ ತಪ್ಪಿಸಿಕೊಂಡು, ಆಲ್ಪ್ಸ್ ದಾಟಿ, ಜರ್ಮನಿಯ ಪಾಡರ್‌ಬಾರ್ನ್‌ನಲ್ಲಿದ್ದ ಶಾರ್ಲಮೇನ್‌ನ ಮುಂದೆ ಹೋಗಿ ನಿಂತ. ವೈರಿಗಳು ಬಿಡಲಿಲ್ಲ. ವ್ಯಭಿಚಾರಿ, ಸುಳ್ಳು ಪ್ರಮಾಣ ಮಾಡಿದವನು ಅಂತ ದೂರು ಹೊರಿಸಿದರು.

ಅವನು ಬೇರೆ ಯಾರ ಹತ್ತಿರ ಹೋಗಬೇಕಿತ್ತು? ರೋಮ್ ಇದ್ದದ್ದು ಪೂರ್ವದ ರೋಮನ್ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ (ಈಗಿನ ಇಸ್ತಾಂಬುಲ್) ಸಾಮ್ರಾಟನ ಹೆಸರಿನಲ್ಲಿ. ಆದರೆ 751ರಲ್ಲಿ ಉತ್ತರ ಇಟಲಿಯ ಲೊಂಬಾರ್ಡರು, ಅಲ್ಲಿ ಸಾಮ್ರಾಟನ ಆಡಳಿತದ ನೆಲೆಯಾಗಿದ್ದ ರವೆನ್ನಾ ಹಿಡಿದಾಗ ಕಾನ್‌ಸ್ಟಾಂಟಿನೋಪಲ್‌ನಿಂದ ಸೈನ್ಯ ಬರಲಿಲ್ಲ. ಚರ್ಚಿನಲ್ಲಿ ಕ್ರಿಸ್ತನ, ಸಂತರ ಚಿತ್ರ ಬೇಕೋ ಬೇಡವೋ ಅನ್ನುವ ಜಗಳದಲ್ಲಿ ಸಂಬಂಧವೂ ಕೆಟ್ಟಿತ್ತು. ಆಗಲೇ ಪೋಪರು ಫ್ರಾಂಕರ ಕಡೆ ತಿರುಗಿದ್ದರು. 754ರಲ್ಲಿ ಎರಡನೇ ಸ್ಟೀಫನ್ ಖುದ್ದಾಗಿ ಫ್ರಾಂಕರ ನಾಡಿಗೆ ಹೋಗಿ, ದೊರೆ ಪೆಪಿನ್‌ಗೂ ಅವನ ಹುಡುಗ ಚಾರ್ಲ್ಸ್‌ಗೂ ಅಭಿಷೇಕ ಮಾಡಿದ. ಆ ಹುಡುಗನೇ ಮುಂದೆ ಶಾರ್ಲಮೇನ್. 774ರಲ್ಲಿ ಲೊಂಬಾರ್ಡರ ರಾಜ್ಯವನ್ನೇ ತನ್ನದಾಗಿಸಿಕೊಂಡ.

ಇನ್ನೊಂದು ಕಾರಣ ಕಾನ್‌ಸ್ಟಾಂಟಿನೋಪಲ್‌ನ ಸಿಂಹಾಸನದ ಮೇಲೆ ಕೂತಿತ್ತು. ಐರೀನ್. ಈ ವಾರವೆಲ್ಲ ನನ್ನ ತಲೆಯಲ್ಲಿ ಕೂತಿರುವವಳೂ ಅವಳೇ. 780ರಲ್ಲಿ ಗಂಡ ಸತ್ತಾಗ ಮಗ ಆರನೇ ಕಾನ್‌ಸ್ಟಂಟೈನ್‌ಗೆ ಒಂಬತ್ತು ವರ್ಷ. ಅವನ ಹೆಸರಿನಲ್ಲಿ ಇವಳೇ ಆಳಿದಳು, ಚೆನ್ನಾಗಿಯೇ ಆಳಿದಳು. 787ರಲ್ಲಿ ನೈಸಿಯಾದಲ್ಲಿ ಚರ್ಚಿನ ಹಿರಿಯರ ಸಭೆ ಸೇರಿಸಿ ಆ ಚಿತ್ರಗಳಿಗೆ ಗೌರವ ಸಲ್ಲಿಸುವುದು ಮತ್ತೆ ಊರ್ಜಿತವಾಗುವಂತೆ ಮಾಡಿದವಳು ಅವಳೇ. ಮಗನಿಗೆ ಶಾರ್ಲಮೇನ್‌ನ ಮಗಳನ್ನೇ ಗೊತ್ತುಮಾಡಿ, ಆಮೇಲೆ ತಾನೇ ಮುರಿದು, ಬೇರೆ ಹುಡುಗಿಯನ್ನು ತಂದಳು. ಮಗ ದೊಡ್ಡವನಾದ, ಇವಳು ಬಿಟ್ಟುಕೊಡಲಿಲ್ಲ. 790ರಲ್ಲಿ ಸೈನ್ಯವೇ ತಿರುಗಿಬಿದ್ದು ಅವನನ್ನು ಪಟ್ಟದಲ್ಲಿ ಕೂರಿಸಿತು. ಎರಡು ವರ್ಷದಲ್ಲಿ ಅವನೇ ಅಮ್ಮನನ್ನು ಮತ್ತೆ ಕರೆಸಿ ಜೊತೆಗೆ ಕೂರಿಸಿಕೊಂಡ. ಯಾಕೆ ಕರೆಸಿಕೊಂಡನೋ! ಅಮ್ಮ ಅಲ್ಲವೇ ಅಂತಲೇ ಇರಬೇಕು. 797ರ ಆಗಸ್ಟ್‌ನಲ್ಲಿ ಅವಳ ಕಡೆಯವರು ಅವನನ್ನು ಹಿಡಿದು ಕಣ್ಣು ಕಿತ್ತರು. ಎಲ್ಲಿ ಗೊತ್ತೇ? ಅರಮನೆಯಲ್ಲಿ ರಾಣಿಯರ ಹೆರಿಗೆಗೆ ಅಂತಲೇ ಇದ್ದ ಕೆನ್ನೀಲಿ ಕೋಣೆಯಲ್ಲಿ. ಅವಳು ಅವನನ್ನು ಹೆತ್ತ ಕೋಣೆಯದು. ಹದಿನೇಳು ದಿನ ಸೂರ್ಯ ಮಂಕಾದ ಅಂತ ಆ ಕಾಲದ ಇತಿಹಾಸಕಾರ ಥಿಯೊಫೇನಸ್ ಬರೆದಿದ್ದಾನೆ.

ಇದನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ, ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ. ಈ ಸಲ ಹೋಗಲಾಗಲಿಲ್ಲ. ಒಂಬತ್ತು ವರ್ಷದ ಹುಡುಗನ ಕೈಹಿಡಿದು ನಡೆಸಿದವಳು ಎಲ್ಲಿಗೆ ಬಂದು ನಿಂತಳು? ಆ ಮಗು ಇವಳಿಂದ ಏನನ್ನು ಕೇಳಿತ್ತು? ತನ್ನದನ್ನೇ ತಾನೇ? ರಾತ್ರಿ ಎದ್ದು ನೀರು ಕುಡಿಯುವಾಗಲೂ ಆ ಕೋಣೆಯೇ ನೆನಪಾಗುತ್ತದೆ. ನಿಮ್ಮಪ್ಪ, "ಸಾವಿರ ವರ್ಷದ ಹಿಂದಿನದಕ್ಕೆ ಯಾಕೆ ನಿದ್ದೆ ಕೆಡ್ತೀಯ" ಅನ್ನುತ್ತಾರೆ.

ಇನ್ನೂ ಸಿಟ್ಟು ಬರುವ ಮಾತಿದೆ. ಪಶ್ಚಿಮದವರು ಅವಳನ್ನು ಒಪ್ಪದೆ ಇರಲು ಮಗನ ಕಣ್ಣು ಕಿತ್ತದ್ದೊಂದೇ ಸಾಕಿತ್ತು. ಆದರೆ ಫ್ರಾಂಕರ ನಾಡಿನ ಲೋರ್ಷ್ ಮಠದ ವಾರ್ಷಿಕ ದಾಖಲೆ ಹೇಳುವುದು ಬೇರೆ: ಗ್ರೀಕರಲ್ಲಿ, ಅಂದರೆ ಕಾನ್‌ಸ್ಟಾಂಟಿನೋಪಲ್‌ನವರಲ್ಲಿ, ಹೆಣ್ಣು ಆಳುತ್ತಿರುವುದರಿಂದ ಸಾಮ್ರಾಟನ ಪಟ್ಟ ಬರಿದಾಗಿದೆಯಂತೆ. ಹೆಣ್ಣು ಕೂತರೆ ಪೀಠ ಖಾಲಿ! ನೀನು ಕೆಲಸ ಮಾಡುವ ಕಡೆ ಅಂಥವರು ಸಿಕ್ಕರೆ ತಲೆ ತಗ್ಗಿಸಬೇಡ.

ಅಂತೂ 800ರ ನವೆಂಬರ್‌ನಲ್ಲಿ ಶಾರ್ಲಮೇನ್ ರೋಮ್‌ಗೆ ಬಂದ. ಪೋಪ್‌ನನ್ನು ವಿಚಾರಿಸುವ ಅಧಿಕಾರ ಯಾರಿಗೂ ಇಲ್ಲವೆಂದು ಪಾದ್ರಿಗಳು ಅಂದದ್ದರಿಂದ, ಡಿಸೆಂಬರ್ 23ರಂದು ಲಿಯೋ ತಾನಾಗಿಯೇ ನಿರ್ದೋಷಿಯೆಂದು ಆಣೆ ಇಟ್ಟ. ಎರಡೇ ದಿನ. ಕ್ರಿಸ್‌ಮಸ್ ಪೂಜೆಯಲ್ಲಿ, ಸಂತ ಪೀಟರನ ಸಮಾಧಿಯ ಮುಂದೆ ಪ್ರಾರ್ಥಿಸುತ್ತಿದ್ದ ದೊರೆಯ ತಲೆಯ ಮೇಲೆ ಕಿರೀಟ ಇಟ್ಟ. ಜನ "ದೇವರು ಕಿರೀಟ ತೊಡಿಸಿದ ಅಗಸ್ಟಸ್ ಚಾರ್ಲ್ಸ್‌ಗೆ ಜಯವಾಗಲಿ" ಎಂದು ಕೂಗಿದರು. ಪೋಪ್ ಅವನ ಮುಂದೆ ಅಡ್ಡಬಿದ್ದ ಅಂತಲೂ ಫ್ರಾಂಕರ ದಾಖಲೆಯಲ್ಲಿದೆ.

ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಜೀವ ಉಳಿಸಿದವನಿಗೆ ಮುಯ್ಯಿ ತೀರಿಸಲು ಲಿಯೋನ ಹತ್ತಿರ ಸೈನ್ಯವಿರಲಿಲ್ಲ. ಇದ್ದದ್ದು ಆ ಒಂದು ಕಿರೀಟ. ಅದನ್ನು ಕೊಟ್ಟ ಗಳಿಗೆಯಿಂದ ಕೈಚಾಚಿದವನೇ ಕೊಡುವವನಾದ. ರೋಮ್‌ಗೊಬ್ಬ ಕಾವಲುಗಾರ ಸಿಕ್ಕ, ಲಿಯೋನ ವೈರಿಗಳು ರಾಜದ್ರೋಹಿಗಳಾದರು. ಮರಣದಂಡನೆಯಾದವರನ್ನು ಉಳಿಸಿ ಗಡೀಪಾರಿಗೆ ಇಳಿಸುವಂತೆ ಬೇಡಿಕೊಂಡವನೂ ಲಿಯೋನೇ.

ಶಾರ್ಲಮೇನ್‌ಗೆ ಇದು ಹಿಡಿಸಿತೋ ಇಲ್ಲವೋ. ಮೊದಲೇ ಗೊತ್ತಿದ್ದರೆ ಅಂದು ಚರ್ಚಿಗೇ ಹೋಗುತ್ತಿರಲಿಲ್ಲ ಅಂದನೆಂದು ಅವನ ಜೀವನಚರಿತ್ರೆ ಬರೆದ ಆಸ್ಥಾನದವನು ಐನ್‌ಹಾರ್ಡ್ ಬರೆಯುತ್ತಾನೆ. ಏನೂ ಗೊತ್ತಿರಲಿಲ್ಲ ಅನ್ನುವುದನ್ನು ನಾನು ನಂಬುವುದಿಲ್ಲ. ಕಿರೀಟ ಬೇಕಿತ್ತು, ಆ ಕೈಯಿಂದ ಬೇಕಿರಲಿಲ್ಲ. 813ರಲ್ಲಿ ಮಗ ಲೂಯಿಯನ್ನು ಸಾಮ್ರಾಟನನ್ನಾಗಿ ಮಾಡುವಾಗ ಪೋಪ್‌ನನ್ನು ಕರೆಯಲೇ ಇಲ್ಲ. ನೀನು ನೋಡಿ ಬಂದ ಅದೇ ಚರ್ಚಿನಲ್ಲಿ, ಬಲಿಪೀಠದ ಮೇಲಿದ್ದ ಕಿರೀಟವನ್ನು ನೀನೇ ಎತ್ತಿ ತಲೆಗಿಟ್ಟುಕೋ ಅಂದನೆಂದು ಲೂಯಿಯ ಜೀವನಚರಿತ್ರೆ ಬರೆದ ತೆಗಾನ್ ಹೇಳಿದ್ದಾನೆ.

ಪುಟ್ಟೀ, ಕೆಲಸ ಸಿಕ್ಕಿದ್ದನ್ನು ಬೀದಿಯವರಿಗೆಲ್ಲ ಆಗಲೇ ಹೇಳಿಬಿಟ್ಟಿದ್ದೇನೆ, ಅಷ್ಟು ಹೆಮ್ಮೆ. ಭಾನುವಾರ ಮಾತಿನ ಮಧ್ಯೆ ಫೋನ್ ಇಟ್ಟದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಒಪ್ಪಂದದ ಕಾಗದವನ್ನು ಪೂರ್ತಿ ಓದು. ಬಿಡಬೇಕಾದರೆ ಎಷ್ಟು ತಿಂಗಳು ಮೊದಲು ಹೇಳಬೇಕು, ಆಸ್ಪತ್ರೆ ಖರ್ಚು ಯಾರದು, ವೀಸಾ ಯಾರು ಮಾಡಿಸುತ್ತಾರೆ, ಎಲ್ಲ ನೋಡು. ರಾತ್ರಿ ತಡವಾದರೆ ಒಬ್ಬಳೇ ನಡೆದು ಬರಬೇಡ. ಚಳಿಗೆ ಸರಿಯಾದ ಬೂಟು ತಗೋ, ದುಡ್ಡು ನೋಡಬೇಡ. ಬೇಳೆ ಬೇಯಿಸಿಕೊಂಡು ತಿನ್ನು, ಬರೀ ಬ್ರೆಡ್ಡಿನಲ್ಲಿ ದಿನ ದೂಡಬೇಡ. ಸಹಿ ಹಾಕಲು ನನ್ನ ಒಪ್ಪಿಗೆಗೆ ಕಾಯಬೇಡ.

ನಿನ್ನ ಸೋದರಮಾವನಿಗೆ ನಾನು ಹೇಳಿಕೊಳ್ಳುತ್ತೇನೆ. ಅಜ್ಜಿಗೆ ಮಾತ್ರ ನೀನೇ ಫೋನ್ ಮಾಡು. ಇಲ್ಲಿನ ಏಳು ಗಂಟೆಯೊಳಗೆ ಮಾಡು, ಆಮೇಲೆ ಮಲಗಿಬಿಡುತ್ತಾರೆ.

ನಿನ್ನ,
ಅಮ್ಮ