ಕಡಿಮೆ ಔಷಧ ಹೇಗೆ ಸಾಕಾಗುತ್ತದೆ: ಗೆಳೆಯನಿಗೊಂದು ಪತ್ರ

ಖಾರ್ಘರ್, ನವಿ ಮುಂಬಯಿ

ಪ್ರಿಯ ಬಸವರಾಜ,

ಪಿಎಚ್‌ಡಿ ಮುಗಿದ ಮೇಲೆ ಕ್ಯಾನ್ಸರ್ ವಿರುದ್ಧದ ರೋಗನಿರೋಧಕ ಶಕ್ತಿಯ ಸಂಶೋಧನೆಗೆ ಹೊರದೇಶಕ್ಕೇ ಹೋಗಬೇಕೇ ಎಂದು ಕೇಳಿದ್ದೀಯ. ಈ ಕ್ಷೇತ್ರದ ಬಹು ದೊಡ್ಡ ಪ್ರಶ್ನೆಯೊಂದು ಪರೇಲಿನ ಟಾಟಾ ಆಸ್ಪತ್ರೆಯ ವಾರ್ಡುಗಳಿಂದಲೇ ಎದ್ದು ಬಂದಿದೆ ಎಂಬುದು ನನ್ನ ಉತ್ತರ.

ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣವಾದ ಟಿ ಕೋಶದ ಮೇಲಿರುವ ಪಿಡಿ-1 ಗ್ರಾಹಕವನ್ನು, ಅಂದರೆ ಸಂಕೇತ ಹಿಡಿಯುವ ಪ್ರೋಟೀನನ್ನು, ಜಪಾನಿನ ವಿಜ್ಞಾನಿ ತಸುಕು ಹೊಂಜೊ ಅವರ ತಂಡ 1992ರಲ್ಲಿ ವರದಿ ಮಾಡಿದ ಕಥೆ ನಿನಗೆ ಗೊತ್ತೇ ಇದೆ. ಗಡ್ಡೆಯು ಆ ಗ್ರಾಹಕದ ಮೂಲಕ ಟಿ ಕೋಶವನ್ನು ತಡೆಹಿಡಿಯುತ್ತದೆ; ನಿವೊಲುಮಾಬ್ ಎಂಬ ಪ್ರತಿಕಾಯ ಔಷಧ ಪಿಡಿ-1ಕ್ಕೆ ಅಂಟಿಕೊಂಡು ಆ ತಡೆಯನ್ನು ತೆಗೆಯುತ್ತದೆ. ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುವುದು ರೂಢಿ, ಆದರೆ ಅದರ ಬೆಲೆ ನಮ್ಮ ಕಡೆಯ ರೈತನಿಗೆ ಹೊಲ ಮಾರಿದರೂ ಎಟುಕುವಂತಿರಲಿಲ್ಲ. ಹಾಗಾಗಿ ಟಾಟಾ ವೈದ್ಯರು ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ, ಅಂದರೆ ರೂಢಿಯ ಹದಿನೆಂಟರಲ್ಲೊಂದು ಪಾಲು ಮಾತ್ರ, ಕೊಟ್ಟು ಪರೀಕ್ಷಿಸಿದರು. ಉಲ್ಬಣಗೊಂಡ ತಲೆ-ಕುತ್ತಿಗೆ ಕ್ಯಾನ್ಸರಿನ 151 ರೋಗಿಗಳ ಆ ಪ್ರಯೋಗದಲ್ಲಿ, ನುಂಗುವ ಮೂರು ಔಷಧಗಳನ್ನಷ್ಟೇ ಪಡೆದವರಲ್ಲಿ ಒಂದು ವರ್ಷ ಬದುಕುಳಿದವರು ಶೇ. 16.3 ಇದ್ದರೆ, ಅವುಗಳ ಜೊತೆಗೆ ಈ ಕಿರುಪ್ರಮಾಣವನ್ನೂ ಪಡೆದವರಲ್ಲಿ ಶೇ. 43.4 ಇದ್ದರು.

ಇಷ್ಟು ಕಡಿಮೆ ಹೇಗೆ ಸಾಕಾಯಿತು? ಪ್ರಮಾಣ ಹೆಚ್ಚಿಸಿದಷ್ಟೂ ಪಿಡಿ-1ರ ಮೇಲೆ ಕೂರುವ ಔಷಧ ಅದೇ ಅನುಪಾತದಲ್ಲಿ ಹೆಚ್ಚುವುದಿಲ್ಲ ಎಂಬುದು ರೋಗಿಗಳ ರಕ್ತವನ್ನು ಪರೀಕ್ಷಿಸಿದ ಆರಂಭದ ಅಧ್ಯಯನಗಳಲ್ಲೇ ಕಂಡಿತ್ತು. ಆದರೆ ರಕ್ತದಲ್ಲಿ ಕಂಡದ್ದು ಗಡ್ಡೆಯ ಒಳಗೂ ನಿಜವೇ, ದಣಿದ ಟಿ ಕೋಶಗಳಲ್ಲಿ ಯಾವುವು ಮರಳಿ ಎಚ್ಚರಗೊಳ್ಳುತ್ತವೆ, ಯಾವ ರೋಗಿಗೆ ಈ ಪ್ರಮಾಣ ಸಾಲದು ಎಂಬುದನ್ನು ರೋಗಿಯ ಮಾದರಿಗಳಲ್ಲೇ, ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್ ಯಂತ್ರದ ಮುಂದೆ ಕೂತು ಬಿಡಿಸಬೇಕು. ಪಶ್ಚಿಮದ ತಲೆ-ಕುತ್ತಿಗೆ ಕ್ಯಾನ್ಸರಿನ ದೊಡ್ಡ ಪಾಲು ಎಚ್‌ಪಿವಿ ವೈರಾಣುವಿನಿಂದ ಬರುವ ಗಂಟಲಿನ ಕ್ಯಾನ್ಸರ್. ಇಲ್ಲಿನದು ಹೆಚ್ಚಾಗಿ ತಂಬಾಕು, ಗುಟ್ಕಾಗಳಿಂದ ಬರುವ ಕೆನ್ನೆ, ವಸಡುಗಳ ಕ್ಯಾನ್ಸರ್. ಅಲ್ಲಿನ ಉತ್ತರವನ್ನು ಇಲ್ಲಿಗೆ ಹಾಗೆಯೇ ತರಲಾಗದು.

ವಿಜಯಪುರ, ಕಲಬುರಗಿಗಳಿಂದ ಬಂದ ರೋಗಿಗಳಿಗೆ, ಸಂಶೋಧನೆಗೆ ಮಾದರಿ ಕೊಡುವ ಒಪ್ಪಿಗೆ ಪತ್ರವನ್ನು ನಾನು ಕನ್ನಡದಲ್ಲಿ ವಿವರಿಸುತ್ತೇನೆ. ‘ಇದರಿಂದ ನಮಗೇನು ಉಪಯೋಗರೀ?’ ಎಂದು ಅವರು ನೇರವಾಗಿ ಕೇಳುತ್ತಾರೆ, ಮತ್ತು ಆ ಪ್ರಶ್ನೆ ನನ್ನ ಪ್ರಯೋಗಗಳ ದಿಕ್ಕನ್ನೇ ತಿದ್ದಿದೆ.

ರೋಗಿಯದೇ ಟಿ ಕೋಶಗಳನ್ನು ಹೊರತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ಮಾರ್ಪಡಿಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆಯೂ ನಿನಗೆ ಪ್ರಿಯವಾದ ವಿಷಯವಲ್ಲವೇ? ಐಐಟಿ ಬಾಂಬೆ ಮತ್ತು ಟಾಟಾ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಯನ್ನು ರಾಷ್ಟ್ರಪತಿಗಳು 2024ರ ಏಪ್ರಿಲ್ 4ರಂದು ಇದೇ ಮುಂಬಯಿಯಲ್ಲಿ ಲೋಕಾರ್ಪಣೆ ಮಾಡಿದರು.

ನೀನು ಇಲ್ಲಿಗೇ ಬರುವುದಾದರೆ ಒಂದು ಮಾತು: ಫೆಲೋಶಿಪ್ ಹಣ ತಡವಾಗುವುದುಂಟು, ಬಾಡಿಗೆಯೂ ಹಗುರವಲ್ಲ. ಮೊದಲ ಆರು ತಿಂಗಳಿಗೆ ಸಾಕಾಗುವಷ್ಟು ಉಳಿತಾಯ ಕೈಯಲ್ಲಿರಲಿ. ಅರ್ಜಿಯ ಕರಡನ್ನು ಕಳಿಸು, ಟಿ ಕೋಶಗಳ ಮೇಲಿನ ನಿನ್ನ ಕೆಲಸವನ್ನು ಮೊದಲ ಪುಟದಲ್ಲೇ ಬರೆ.

ನಿನ್ನ,
ಶ್ರೀಶೈಲ