ಎಚ್.ಎನ್. ಹುಟ್ಟೂರಿನ ಮಕ್ಕಳಿಗೆ ಅವರ ಪರಿಚಯವಾಗಲಿ

ಮಾನ್ಯ ಸಂಪಾದಕರೇ,

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯ ಯಾರೆಂದು ನಮ್ಮ ಜಿಲ್ಲೆಯ ಕಾಲೇಜು ಮಕ್ಕಳಿಗೇ ಸರಿಯಾಗಿ ಗೊತ್ತಿಲ್ಲ. ಮೊನ್ನೆ ಬಸ್ ನಿಲ್ದಾಣದಲ್ಲಿ ಪದವಿ ಓದುವ ಮೂವರನ್ನು ಸುಮ್ನೆ ಕೇಳಿದೆ. ಒಬ್ಬ ‘ಹೆಸರು ಕೇಳಿದ್ದೇನೆ ಸಾರ್’ ಎಂದ. ಉಳಿದಿಬ್ಬರು ಮೊಬೈಲ್ ತೆಗೆದರು.

ಓದುವ ಆಸೆಗೆ ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದ ಬಡವರ ಮನೆ ಹುಡುಗ ಅವರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡರು. ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿ ಮತ್ತೆ ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ ಬಂದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. 1976ರಲ್ಲಿ ಪವಾಡಗಳ ಪರೀಕ್ಷೆಗೆಂದು ಸಮಿತಿಯನ್ನೇ ಮಾಡಿದರು. ಆ ಕುರ್ಚಿಯಲ್ಲಿ ಕೂತು ಹಾಗೆ ಮಾಡಲು ಧೈರ್ಯ ಜಾಸ್ತಿಯೇ ಬೇಕು. 1984ರಲ್ಲಿ ಪದ್ಮಭೂಷಣ ಬಂತು. ಆದರೂ ಮದುವೆ, ಮನೆ ಎನ್ನದೆ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಖಾದಿ ಉಟ್ಟು ಬದುಕಿದರು. ಕುಲಪತಿ ಹುದ್ದೆಗೆ ಲಾಬಿ ನಡೆಯುವ ಸುದ್ದಿ ಓದುವಾಗಲೆಲ್ಲ ನನಗೆ ಆ ಕೋಣೆ ನೆನಪಾಗುತ್ತದೆ.

ಪ್ರತಿಮೆ, ಹಾರ ಅವರಿಗೆ ಒಗ್ಗುವಂಥದ್ದಲ್ಲ. ಬದಲಿಗೆ ಅವರು ಹುಟ್ಟಿದ ಜೂನ್ 6ರಂದು ಚಿಕ್ಕಬಳ್ಳಾಪುರ ಜಿಲ್ಲೆಯ ಪ್ರತಿ ಕಾಲೇಜಿನಲ್ಲೂ ಒಂದು ಗಂಟೆ ಪ್ರಶ್ನೆಗಳಿಗೇ ಮೀಸಲಿಡಲಿ. ಭಾಷಣ ಬೇಡ. ಮಕ್ಕಳು ಕೇಳಲಿ, ಮೇಷ್ಟ್ರುಗಳು ಉತ್ತರಿಸಲಿ. ಕಾಲೇಜು ಶಿಕ್ಷಣ ಇಲಾಖೆ ಇದಕ್ಕೊಂದು ಸುತ್ತೋಲೆ ಹೊರಡಿಸಿದರೆ ಸಾಕು, ದುಡ್ಡೇನೂ ಬೇಕಿಲ್ಲ.

– ನಿವೃತ್ತ ಶಿಕ್ಷಕ, ಗೌರಿಬಿದನೂರು